ಎತ್ತಿನ ಕೊರಳಿನಿಂದ ಟ್ರ್ಯಾಕ್ಟರಿನ ಕೊಂಡಿಯವರೆಗೆ: ಭಾರ ಹೇರುವ ವಿದ್ಯೆಯ ಕಥೆ

ಹತ್ತಿಯ ಸುಗ್ಗಿಯಲ್ಲಿ ಸುರಪುರದಿಂದ ಶಹಾಪುರಕ್ಕೆ, ಅಲ್ಲಿಂದ ಯಾದಗಿರಿಗೆ ಹೋಗುವ ರಸ್ತೆಯಲ್ಲಿ ಪ್ರಯಾಣ ಮಾಡಿದವರಿಗೆಲ್ಲ ಪರಿಚಿತವಾದ ನೋಟವೊಂದಿದೆ. ಟ್ರ್ಯಾಕ್ಟರಿನ ಹಿಂದೆ ಟ್ರೈಲರ್. ಟ್ರೈಲರಿನ ಅಂಚು ಮೀರಿ ಉಬ್ಬಿ ನಿಂತ ಹತ್ತಿಯ ಅಂಡಿಗೆಗಳು. ರಸ್ತೆಯಲ್ಲಿ ಉಬ್ಬು ಬಂದಾಗ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಕ್ಷಣಕಾಲ ನೆಲ ಬಿಟ್ಟು ಮೇಲೇಳುತ್ತವೆ, ಮತ್ತೆ ಕೂರುತ್ತವೆ. ನೋಡುವ ಮಕ್ಕಳಿಗೆ ಅದು ತಮಾಷೆ. ಆದರೆ ಸ್ಟೀರಿಂಗ್ ತಿರುಗಿಸುವುದು ಆ ಮುಂದಿನ ಚಕ್ರಗಳನ್ನೇ ಎಂಬುದನ್ನು ನೆನೆದರೆ ತಮಾಷೆ ಉಳಿಯುವುದಿಲ್ಲ. ನೆಲ ಬಿಟ್ಟ ಚಕ್ರ ವಾಹನವನ್ನು ತಿರುಗಿಸಲಾರದು.

ಹಾಗೇಕೆ ಆಗುತ್ತದೆ? ‘ಭಾರ ಹೆಚ್ಚಾಯಿತು’ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಅರ್ಧ ಉತ್ತರ ಮಾತ್ರ. ಭಾರ ಎಷ್ಟಿದೆ ಎಂಬ ಪ್ರಶ್ನೆಯ ಜೊತೆಗೆ ಭಾರ ಎಲ್ಲಿದೆ ಎಂಬ ಪ್ರಶ್ನೆಯನ್ನೂ ಕೇಳಬೇಕು. ಈ ಎರಡನೆಯ ಪ್ರಶ್ನೆ ಈ ಸೀಮೆಗೆ ಹೊಸದೇನಲ್ಲ. ಇಲ್ಲಿನ ಜನ ಅದನ್ನು ನೂರಾರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ, ಉತ್ತರವನ್ನೂ ಕಂಡುಕೊಂಡಿದ್ದಾರೆ. ಆ ಉತ್ತರ ಹೇಗೆ ಬಂತು, ನಡುವೆ ಎಲ್ಲಿ ಮರೆಯಾಯಿತು, ಅದನ್ನು ಮತ್ತೆ ಪಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹೇರೆತ್ತಿನ ಕಾಲ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ನೆಲದಲ್ಲಿ ಮನುಷ್ಯನ ಮತ್ತು ದನಕರುಗಳ ಸಂಬಂಧ ಬಹಳ ಹಳೆಯದು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನಗಳು ನವಶಿಲಾಯುಗದ ದನಗಾಹಿಗಳ ನೆಲೆಯನ್ನೂ ಅವರ ಬೂದಿದಿಬ್ಬವನ್ನೂ ಬೆಳಕಿಗೆ ತಂದವು. ದನ ಸಾಕಿದ ಜನ ಮುಂದೆ ದನದಿಂದ ಭಾರವನ್ನೂ ಹೊರಿಸಿದರು.

ಕನ್ನಡನಾಡಿನ ಮಧ್ಯಯುಗದ ಶಾಸನಗಳಲ್ಲಿ ಸುಂಕದ ಲೆಕ್ಕಕ್ಕೆ ಬಳಕೆಯಾದ ಅಳತೆಗಳಲ್ಲಿ ಎರಡನ್ನು ಗಮನಿಸಿ: ಹೇರು ಮತ್ತು ಬಂಡಿ. ಒಂದು ಎತ್ತಿನ ಬೆನ್ನ ಮೇಲೆ ಹೊರಿಸುವ ಸರಕು ಒಂದು ಹೇರು. ಬಂಡಿಯಲ್ಲಿ ತುಂಬುವ ಸರಕು ಒಂದು ಬಂಡಿ. ಒಳ್ಳೆಯ ರಸ್ತೆಗಳಿಲ್ಲದ ಕಾಲದಲ್ಲಿ ದೂರದ ಸಾಗಣೆಗೆ ಹೇರೇ ಗತಿ. ಮಳೆಗಾಲದ ಎರೆಭೂಮಿಯಲ್ಲಿ ಚಕ್ರ ಹೂತು ಹೋಗುತ್ತದೆ, ಎತ್ತು ಮಾತ್ರ ಹೇಗೋ ದಾಟುತ್ತದೆ. ಲಂಬಾಣಿಗರು ನೂರಾರು ಹೇರೆತ್ತುಗಳನ್ನು ಸಾಲುಗಟ್ಟಿ ನಡೆಸಿ ಧಾನ್ಯ, ಉಪ್ಪು, ಹತ್ತಿಗಳನ್ನು ದಖನ್ನಿನ ಉದ್ದಗಲಕ್ಕೂ ಸಾಗಿಸುತ್ತಿದ್ದರು. ಅವರ ತಾಂಡಾಗಳು ಇಂದಿಗೂ ಯಾದಗಿರಿ, ಶಹಾಪುರ, ಸುರಪುರಗಳ ಸುತ್ತ ಇವೆ.

ಹೇರುವವನ ಮೊದಲ ಪಾಠ ಎಡ-ಬಲಗಳ ಸಮತೋಲ. ಎತ್ತಿನ ಎರಡು ಪಕ್ಕಕ್ಕೆ ಎರಡು ಸಮನಾದ ಚೀಲಗಳು ಇರಬೇಕು. ಒಂದು ಚೀಲ ಭಾರವಾದರೆ ಹೇರು ಆ ಕಡೆ ಜಾರುತ್ತದೆ, ಎತ್ತಿನ ಬೆನ್ನು ಹುಣ್ಣಾಗುತ್ತದೆ. ಎತ್ತಿನ ಬೆನ್ನುಮೂಳೆಯೇ ಇಲ್ಲಿ ತಕ್ಕಡಿಯ ಆಧಾರಬಿಂದು. ತಪ್ಪು ಹೇರಿದರೆ ಪ್ರಾಣಿಯೇ ತೋರಿಸುತ್ತದೆ. ನಡೆ ತಪ್ಪುತ್ತದೆ, ಮಲಗಿಬಿಡುತ್ತದೆ.

ಬಂಡಿಯೆಂಬ ತಕ್ಕಡಿ

19ನೆಯ ಶತಮಾನದಲ್ಲಿ ಸಾಗಣೆಯ ಚಿತ್ರ ಬದಲಾಗತೊಡಗಿತು. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅವರ ಹೆಸರನ್ನು ಸುರಪುರದ ‘ಟೇಲರ್ ಮಂಜಿಲ್’ ಇಂದಿಗೂ ಉಳಿಸಿದೆ. 1871ರಲ್ಲಿ ಮುಂಬಯಿಯಿಂದ ಬಂದ ರೈಲು ಹಾದಿ ರಾಯಚೂರಿನಲ್ಲಿ ಮದರಾಸಿನಿಂದ ಬಂದ ಹಾದಿಯನ್ನು ಕೂಡಿತು. ಯಾದಗಿರಿ ಈ ಹಾದಿಯ ಮೇಲಿನ ಊರು. ರೈಲು ಬಂದ ಮೇಲೆ ಸುತ್ತಲಿನ ಹಳ್ಳಿಗಳ ಸರಕು ನಿಲ್ದಾಣಕ್ಕೆ ಮುಟ್ಟಬೇಕಾಯಿತು. ರೈಲು ಎತ್ತಿನ ಬಂಡಿಯನ್ನು ಅಳಿಸಲಿಲ್ಲ. ಅದರ ಕೆಲಸವನ್ನು ಹೆಚ್ಚಿಸಿತು.

ಎರಡು ಚಕ್ರದ ಬಂಡಿಗೆ ಬಂದಾಗ ಸಮತೋಲದ ಪ್ರಶ್ನೆಯೂ ತಿರುಗಿ ನಿಲ್ಲುತ್ತದೆ. ಎಡ-ಬಲಗಳನ್ನು ಎರಡು ಚಕ್ರಗಳು ನೋಡಿಕೊಳ್ಳುತ್ತವೆ. ಈಗ ಪ್ರಶ್ನೆ ಮುಂದು-ಹಿಂದಿನದು. ಬಂಡಿಯ ಅಚ್ಚು ಆಧಾರಬಿಂದು; ಮುಂದೆ ಚಾಚಿದ ಉದ್ದನೆಯ ಮರ ಸನ್ನೆ; ಅದರ ತುದಿಯಲ್ಲಿ ನೊಗ, ನೊಗದ ಕೆಳಗೆ ಎತ್ತಿನ ಕೊರಳು.

ಒಂದು ಸಣ್ಣ ಲೆಕ್ಕ ಮಾಡೋಣ. ಸರಕೂ ಸೇರಿ ಬಂಡಿಯ ತೂಕ 1000 ಕಿಲೋಗ್ರಾಂ, ಅಚ್ಚಿನಿಂದ ನೊಗಕ್ಕೆ 3 ಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು ಭಾರದ ಗುರುತ್ವ ಕೇಂದ್ರ ಅಚ್ಚಿಗಿಂತ 15 ಸೆಂಟಿಮೀಟರ್ ಮುಂದಿದ್ದರೆ, ಆರ್ಕಿಮಿಡೀಸನ ಸನ್ನೆಯ ನಿಯಮದಂತೆ ನೊಗದ ಮೇಲೆ ಬೀಳುವ ಭಾರ:

1000 × 0.15 ÷ 3 = 50 ಕಿಲೋಗ್ರಾಂ

ಎರಡು ಎತ್ತುಗಳಿಗೆ ಹಂಚಿದರೆ ಒಂದಕ್ಕೆ 25. ಅದೇ ಸರಕನ್ನು ಸ್ವಲ್ಪ ಮುಂದೆ ಸರಿಸಿ ಗುರುತ್ವ ಕೇಂದ್ರವನ್ನು 30 ಸೆಂಟಿಮೀಟರಿಗೆ ತಂದರೆ ಕೊರಳ ಭಾರ ಇಮ್ಮಡಿಸಿ 100 ಕಿಲೋಗ್ರಾಂ ಆಗುತ್ತದೆ. ಹಿಂದೆ ಸರಿಸಿ ಅಚ್ಚಿಗಿಂತ 10 ಸೆಂಟಿಮೀಟರ್ ಹಿಂದಕ್ಕೆ ಒಯ್ದರೆ? ಆಗ ನೊಗವನ್ನು ಸುಮಾರು 33 ಕಿಲೋಗ್ರಾಂ ಬಲ ಮೇಲಕ್ಕೆ ಎತ್ತುತ್ತದೆ. ನೊಗ ಎದ್ದರೆ ಕೊರಳಿಗೆ ಕಟ್ಟಿದ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ.

ಇಲ್ಲಿ ಸಾವಿರ ಕಿಲೋಗ್ರಾಂ ತೂಕದಲ್ಲಿ ಒಂದು ಗ್ರಾಂ ಕೂಡ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಬದಲಾದದ್ದು ಜಾಗ. ಅದೂ ಒಂದು ಗೇಣಿನಷ್ಟು.

ರೈತ ಈ ಲೆಕ್ಕವನ್ನು ಬರೆದು ಮಾಡಲಿಲ್ಲ. ಬಂಡಿ ತುಂಬಿದ ಮೇಲೆ ನೊಗವನ್ನು ಕೈಯಿಂದ ಎತ್ತಿ ನೋಡುತ್ತಿದ್ದ. ಸ್ವಲ್ಪ ಭಾರ ಇರಬೇಕು, ಹೆಚ್ಚಿರಬಾರದು. ಮುಂಭಾರವಾದರೆ ಒಂದು ಚೀಲ ಹಿಂದೆ, ಹಿಂಭಾರವಾದರೆ ತಾನೇ ಸರಿದು ಮುಂದೆ ಕೂರುವುದು. ಬಂಡಿ ಹೊಡೆಯುವವನ ಸ್ವಂತ ದೇಹವೇ ಸರಿಹೊಂದಿಸುವ ತೂಕದ ಬಟ್ಟು.

ಏರು, ಇಳಿಜಾರು ಮತ್ತು ಹತ್ತಿ

ಸಮನೆಲದಲ್ಲಿ ಸರಿಹೋದ ಸಮತೋಲ ಇಳಿಜಾರಿನಲ್ಲಿ ಕೆಡುತ್ತದೆ. ಸುರಪುರ ಬೆಟ್ಟಗಳ ನಡುವಿನ ಊರು; ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುತ್ತದೆಂದು ಹೆಸರಾಗಿದೆ. ಇಲ್ಲಿ ಬಂಡಿ ಹೊಡೆಯುವವನಿಗೆ ಏರಿಳಿತಗಳು ತಪ್ಪಿದ್ದಲ್ಲ.

ಬಂಡಿ ಇಳಿಜಾರಿನಲ್ಲಿ ಮುಂದಕ್ಕೆ ಬಾಗಿದಾಗ ಅಚ್ಚಿಗಿಂತ ಎತ್ತರದಲ್ಲಿರುವ ಗುರುತ್ವ ಕೇಂದ್ರವೂ ಮುಂದಕ್ಕೆ ವಾಲುತ್ತದೆ. ಎಷ್ಟು ವಾಲುತ್ತದೆ ಎಂಬುದು ಅದರ ಎತ್ತರವನ್ನು ಅವಲಂಬಿಸಿದೆ. ಹತ್ತಕ್ಕೆ ಒಂದರಷ್ಟು ಇಳಿಜಾರಿದ್ದರೆ ಎತ್ತರದ ಹತ್ತನೆಯ ಒಂದು ಭಾಗದಷ್ಟು ವಾಲುತ್ತದೆ. ಜೋಳದ ಚೀಲಗಳು ಭಾರ. ಕಡಿಮೆ ಎತ್ತರದಲ್ಲೇ ಬಂಡಿಯ ಸಾಮರ್ಥ್ಯ ಮುಗಿಯುತ್ತದೆ. ಅವುಗಳ ಗುರುತ್ವ ಕೇಂದ್ರ ಅಚ್ಚಿಗಿಂತ 40 ಸೆಂಟಿಮೀಟರ್ ಮೇಲಿದ್ದರೆ ವಾಲುವುದು 4 ಸೆಂಟಿಮೀಟರ್. ಹತ್ತಿ ಹಗುರ, ಅಷ್ಟೇ ತೂಕಕ್ಕೆ ಬಹು ಎತ್ತರ ಒಟ್ಟಬೇಕು. ಗುರುತ್ವ ಕೇಂದ್ರ ಅಚ್ಚಿಗಿಂತ 1 ಮೀಟರ್ ಮೇಲೆ ಹೋದರೆ ವಾಲುವುದು 10 ಸೆಂಟಿಮೀಟರ್.

ಮೇಲಿನ ಬಂಡಿಗೇ ಇದನ್ನು ಅನ್ವಯಿಸಿ. ಎಳೆತದ ಬಲವನ್ನು ಸದ್ಯಕ್ಕೆ ಬದಿಗಿಡೋಣ. ಸಮನೆಲದಲ್ಲಿ 50 ಕಿಲೋಗ್ರಾಂ ಇದ್ದ ಕೊರಳ ಭಾರ ಹತ್ತಿಯ ಬಂಡಿ ಇಳಿಯುವಾಗ ಸುಮಾರು 83, ಏರುವಾಗ ಸುಮಾರು 17 ಕಿಲೋಗ್ರಾಂ ಆಗುತ್ತದೆ. ಏರು ಇನ್ನೂ ಕಡಿದಾದರೆ ನೊಗವೇ ಮೇಲೇಳುತ್ತದೆ. ಎತ್ತಿನ ಕೊರಳು ಇದನ್ನು ಹೆಜ್ಜೆ ಹೆಜ್ಜೆಗೂ ಅಳೆಯುತ್ತದೆ. ಏರಿನಲ್ಲಿ ಬಂಡಿಯವನು ಮುಂದಕ್ಕೆ ಬಾಗಿ ಈಸಿನ ಬುಡದಲ್ಲಿ ಕೂರುವುದು, ಇಳಿಜಾರಿನಲ್ಲಿ ಇಳಿದು ಹಿಂದಿನಿಂದ ಜಗ್ಗಿ ಹಿಡಿಯುವುದು, ಇವೆಲ್ಲ ಬರಿಯ ಅಭ್ಯಾಸವಲ್ಲ, ಭೌತಶಾಸ್ತ್ರ.

ಬೆಂಗಳೂರಿನಲ್ಲಿ ಬಂಡಿಯ ಅಧ್ಯಯನ

ಈ ವಿದ್ಯೆಯನ್ನು ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡದ್ದು 1970ರ ದಶಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಶುರುವಾಯಿತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಬಂಡಿಯನ್ನು ದೇಶದ ಸಾಗಣೆ ವ್ಯವಸ್ಥೆಯ ದೊಡ್ಡ ಅಂಗವೆಂದು ಪರಿಗಣಿಸಿ, ಅದರ ಸುಧಾರಣೆಗೆ ಮತ್ತು ಎತ್ತುಗಳ ನೋವು ಕಡಿಮೆ ಮಾಡುವುದಕ್ಕೆ ವರ್ಷಗಟ್ಟಲೆ ದುಡಿದರು. 1979ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನ ರಾವ್ ಅವರು ಎರಡು ಚಕ್ರದ ಬಂಡಿಯನ್ನು ಕುರಿತು ಎರಡು ಭಾಗಗಳ ಸಂಶೋಧನ ಲೇಖನ ಪ್ರಕಟಿಸಿದರು. ಮೊದಲನೆಯದು ಬಂಡಿಯ ವಿನ್ಯಾಸದ ಎಂಜಿನಿಯರಿಂಗ್ ವಿಶ್ಲೇಷಣೆ. ಎರಡನೆಯದು ಬಂಡಿಯಲ್ಲಿ ಉಂಟಾಗುವ ಬಲಗಳ ಪ್ರಯೋಗಾತ್ಮಕ ಅಧ್ಯಯನ.

ರೈತನ ಕೈಗೆ, ಎತ್ತಿನ ಕೊರಳಿಗೆ ತಿಳಿದಿದ್ದ ಸಂಗತಿ ಹೀಗೆ ಸಮೀಕರಣದ ರೂಪ ಪಡೆಯಿತು. ಆದರೆ ಅಷ್ಟು ಹೊತ್ತಿಗೆ ಹಳ್ಳಿಗಳಲ್ಲಿ ಎತ್ತಿನ ಜಾಗಕ್ಕೆ ಬೇರೊಂದು ಬರುತ್ತಿತ್ತು.

ಟ್ರ್ಯಾಕ್ಟರ್ ಬಂತು, ಕೊರಳು ಹೋಯಿತು

ಭಾರತದಲ್ಲೇ ತಯಾರಾದ ಟ್ರ್ಯಾಕ್ಟರನ್ನು ಐಷರ್ ಕಂಪನಿ 1959ರಲ್ಲಿ ಹೊರತಂದಿತು. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುಮಾಡಿತು. ನಮ್ಮ ಸೀಮೆಯಲ್ಲಿ ಕೃಷಿಯ ಸ್ವರೂಪವನ್ನೇ ಬದಲಿಸಿದ್ದು ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದಲ್ಲಿ ಕಟ್ಟಿ 1982ರಲ್ಲಿ ಮುಗಿಸಿದ ಬಸವಸಾಗರ ಅಣೆಕಟ್ಟು. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರ ಭಾಗಗಳಿಗೆ ನೀರು ತಂದಿತು. ನೀರು ಬಂದಲ್ಲಿ ಬೆಳೆ ಹೆಚ್ಚಿತು, ಬೆಳೆ ಹೆಚ್ಚಿದಲ್ಲಿ ಸಾಗಣೆ ಹೆಚ್ಚಿತು. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಇಂದು ಭತ್ತ, ಹತ್ತಿ, ತೊಗರಿಗಳು ಮಾರುಕಟ್ಟೆಗೆ ಬರುವುದು ಬಹುಮಟ್ಟಿಗೆ ಟ್ರ್ಯಾಕ್ಟರ್ ಟ್ರೈಲರಿನಲ್ಲಿ.

ಎರಡು ಚಕ್ರದ ಟ್ರೈಲರನ್ನು ನೋಡಿ. ಅದು ಬಂಡಿಯೇ. ಅಚ್ಚು ಅದೇ, ಸನ್ನೆ ಅದೇ. ನೊಗದ ಜಾಗದಲ್ಲಿ ಚಾಲಕರು ಹುಕ್ ಎನ್ನುವ ಕಬ್ಬಿಣದ ಕೊಂಡಿ. ಭಾರ ತುಂಬಿದ ಟ್ರೈಲರಿನ ತೂಕ 4000 ಕಿಲೋಗ್ರಾಂ, ಅಚ್ಚಿನಿಂದ ಕೊಂಡಿಗೆ 3 ಮೀಟರ್, ಗುರುತ್ವ ಕೇಂದ್ರ ಅಚ್ಚಿಗಿಂತ 30 ಸೆಂಟಿಮೀಟರ್ ಮುಂದೆ ಎಂದಾದರೆ ಕೊಂಡಿಯ ಮೇಲೆ 400 ಕಿಲೋಗ್ರಾಂ ಬೀಳುತ್ತದೆ.

ಈ 400 ಕಿಲೋಗ್ರಾಂ ಬೀಳುವುದು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತಲೂ ಹಿಂದೆ. ಆದ್ದರಿಂದ ಟ್ರ್ಯಾಕ್ಟರೇ ಎರಡನೆಯ ಸನ್ನೆಯಾಗುತ್ತದೆ; ಅದರ ಹಿಂದಿನ ಅಚ್ಚು ಆಧಾರಬಿಂದು, ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. ಕೊಂಡಿ ಹಿಂದಿನ ಅಚ್ಚಿಗಿಂತ 75 ಸೆಂಟಿಮೀಟರ್ ಹಿಂದಿದ್ದು, ಟ್ರ್ಯಾಕ್ಟರಿನ ಎರಡು ಅಚ್ಚುಗಳ ಅಂತರ 2 ಮೀಟರ್ ಇದ್ದರೆ ಮುಂದಿನ ಚಕ್ರಗಳ ಮೇಲಿನ ಭಾರ 150 ಕಿಲೋಗ್ರಾಂ ಕಡಿಮೆಯಾಗುತ್ತದೆ. ಮೊದಲು ಅಲ್ಲಿ 800 ಕಿಲೋಗ್ರಾಂ ಇದ್ದರೆ 650 ಉಳಿಯುತ್ತದೆ. ತೊಂದರೆಯಿಲ್ಲ. ಆದರೆ ಸರಕನ್ನೆಲ್ಲ ಮುಂದೆಯೇ ಒಟ್ಟಿ ಗುರುತ್ವ ಕೇಂದ್ರವನ್ನು 1 ಮೀಟರಿನಷ್ಟು ಮುಂದೆ ತಂದರೆ ಕೊಂಡಿಯ ಭಾರ 1333, ಮುಂದಿನ ಚಕ್ರಗಳಲ್ಲಿ ಕಡಿತ 500, ಉಳಿಯುವುದು 300 ಕಿಲೋಗ್ರಾಂ ಮಾತ್ರ.

ಇನ್ನು ಹತ್ತಕ್ಕೆ ಒಂದರ ಏರು ಬಂದರೆ, ಆ ಟ್ರೈಲರನ್ನು ಎಳೆಯಲು ಸುಮಾರು 400 ಕಿಲೋಗ್ರಾಂ ಬಲ ಬೇಕು. ಈ ಎಳೆತ ನೆಲದಿಂದ ಅರ್ಧ ಮೀಟರ್ ಎತ್ತರದ ಕೊಂಡಿಯಲ್ಲಿದ್ದರೆ ಮುಂದಿನ ಭಾರದಿಂದ ಇನ್ನೂ 100 ಹೋಗುತ್ತದೆ. ಕೊಂಡಿಯನ್ನು ಒಂದು ಮೀಟರ್ ಎತ್ತರದಲ್ಲಿ ಸಿಕ್ಕಿಸಿದರೆ 200 ಹೋಗುತ್ತದೆ. ಉಳಿಯುವುದು 100. ಇಷ್ಟಾದ ಮೇಲೆ ಒಂದು ಉಬ್ಬು ಸಾಕು. ಎತ್ತರದಲ್ಲಿ ಕೊಂಡಿ ಹಾಕಬಾರದೆಂದು ತಿಳಿದವರು ಹೇಳುವುದು ಇದಕ್ಕೇ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರುಗಳು ಹಿಂದಕ್ಕೆ ಮಗುಚಿ ಚಾಲಕನನ್ನೇ ಬಲಿ ತೆಗೆದುಕೊಳ್ಳುವುದಕ್ಕೆ ಕುಖ್ಯಾತವಾಗಿದ್ದವು. ಉಪಕರಣವನ್ನು ಟ್ರ್ಯಾಕ್ಟರಿಗೆ ಮೂರು ಬಿಂದುಗಳಲ್ಲಿ ಜೋಡಿಸುವ ಹ್ಯಾರಿ ಫರ್ಗ್ಯುಸನ್ನರ ವ್ಯವಸ್ಥೆ ಹೊಲದ ಕೆಲಸದಲ್ಲಿ ಈ ಅಪಾಯವನ್ನು ತಗ್ಗಿಸಿತು. ರಸ್ತೆಯ ಮೇಲಿನ ಟ್ರೈಲರಿಗೆ ಅಂಥ ರಕ್ಷಣೆಯಿಲ್ಲ.

ಈ ಕಥೆಯ ತಿರುಳು ಇಲ್ಲಿದೆ. ಬಂಡಿಯ ಕಾಲದಲ್ಲಿ ಭಾರವನ್ನು ಅಳೆಯುವ ಒಂದು ಜೀವಂತ ಉಪಕರಣವಿತ್ತು. ತಪ್ಪು ಹೇರಿದರೆ ಎತ್ತು ಹೆಜ್ಜೆ ಎತ್ತುತ್ತಿರಲಿಲ್ಲ. ಕಬ್ಬಿಣದ ಕೊಂಡಿ 400 ಕಿಲೋಗ್ರಾಮಿಗೂ 1333 ಕಿಲೋಗ್ರಾಮಿಗೂ ಒಂದೇ ರೀತಿ ಸುಮ್ಮನಿರುತ್ತದೆ. ಯಂತ್ರ ಬಂದಾಗ ನಾವು ಎತ್ತಿನ ಶಕ್ತಿಯನ್ನು ಬದಲಿಸಿಕೊಂಡೆವು, ಎತ್ತಿನ ಕೊರಳು ಕೊಡುತ್ತಿದ್ದ ಎಚ್ಚರಿಕೆಯನ್ನು ಬದಲಿಸಿಕೊಳ್ಳಲಿಲ್ಲ.

ನಾಲ್ಕು ಚಕ್ರದ ಟ್ರೈಲರಿನಲ್ಲಿ ಮುಂದಿನ ಅಚ್ಚೇ ಭಾರ ಹೊರುವುದರಿಂದ ಕೊಂಡಿಯ ಮೇಲೆ ಭಾರ ಬೀಳದು. ಆದರೆ ಟ್ರೈಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ, ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ಎತ್ತರ ಒಟ್ಟಿದ ಭಾರ ಕಾಲುವೆ ಏರಿಯ ಓರೆಯಲ್ಲಿ ಪಕ್ಕಕ್ಕೆ ಮಗುಚುವ ಅಪಾಯವೂ ಹಾಗೆಯೇ ಇರುತ್ತದೆ. ಹತ್ತಿ ಬಿಡಿಸಲು ಹೋಗುವ ಕೂಲಿಕಾರರನ್ನು ಟ್ರೈಲರಿನಲ್ಲಿ ನಿಲ್ಲಿಸಿಕೊಂಡು ಹೋಗುವುದು ನಿಯಮಕ್ಕೂ ವಿರುದ್ಧ, ಭೌತಶಾಸ್ತ್ರಕ್ಕೂ ವಿರುದ್ಧ. ನಿಂತ ಜನ ಎಂದರೆ ಎತ್ತರದಲ್ಲಿರುವ, ಅತ್ತಿತ್ತ ಸರಿದಾಡುವ ಭಾರ.

ಬಾಲ ಬೀಸುವ ಟ್ರೈಲರ್

ಹಾಗಾದರೆ ಕೊಂಡಿಯ ಮೇಲೆ ಭಾರವೇ ಬೀಳದಂತೆ ಸರಕನ್ನು ಹಿಂದಕ್ಕೆ ಸರಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ನಿಧಾನವಾಗಿ ಹೋಗುವ ಬಂಡಿಯಲ್ಲೇ ಅದು ಎತ್ತಿನ ಗಂಟಲಿಗೆ ಬಂತು. ಜೀಪು, ಪಿಕಪ್ ವಾಹನಗಳು ವೇಗವಾಗಿ ಎಳೆಯುವ ಟ್ರೈಲರಿನಲ್ಲಿ ಅದು ಇನ್ನೊಂದು ರೂಪ ತಾಳುತ್ತದೆ. ಟ್ರೈಲರ್ ಹಾವಿನಂತೆ ಅತ್ತಿತ್ತ ಹೊರಳತೊಡಗುತ್ತದೆ. ಹೊರಳಾಟ ಪ್ರತಿ ಸಲವೂ ಹೆಚ್ಚುತ್ತ ಹೋಗಿ ಕೊನೆಗೆ ಎಳೆಯುವ ವಾಹನವನ್ನೂ ಉರುಳಿಸಬಹುದು.

ಇದಕ್ಕೆ ಎರಡು ಕಾರಣಗಳನ್ನು ತಿಳಿದರೆ ಸಾಕು. ಮೊದಲನೆಯದು ವೇಗ. ಅಡ್ಡಕ್ಕೆ ಸರಿದ ಟ್ರೈಲರಿನ ಓಲಾಟವನ್ನು ತಗ್ಗಿಸುವುದು ಟೈರು. ಟೈರು ನೀಡುವ ಈ ತಡೆ, ಅಡ್ಡ ವೇಗವನ್ನು ಮುಂದಿನ ವೇಗದಿಂದ ಭಾಗಿಸಿದರೆ ಬರುವ ಕೋನವನ್ನು ಅವಲಂಬಿಸಿದೆ. ಮುಂದಿನ ವೇಗ ಹೆಚ್ಚಿದಷ್ಟೂ ಕೋನ ಕಿರಿದಾಗುತ್ತದೆ, ತಡೆಯೂ ಕ್ಷೀಣಿಸುತ್ತದೆ. ಆದ್ದರಿಂದ ನಿಧಾನದಲ್ಲಿ ಸಾಧುವಾಗಿದ್ದ ಟ್ರೈಲರ್ ಒಂದು ವೇಗವನ್ನು ದಾಟಿದ ಮೇಲೆ ಹುಚ್ಚೇಳುತ್ತದೆ.

ಎರಡನೆಯದನ್ನು ಕ್ರಿಕೆಟ್ ಬ್ಯಾಟಿನಿಂದ ತಿಳಿಯಬಹುದು. ಬ್ಯಾಟಿನ ಒಂದು ನಿರ್ದಿಷ್ಟ ಜಾಗಕ್ಕೆ ಚೆಂಡು ಬಡಿದರೆ ಕೈಗೆ ಏಟು ತಾಗುವುದಿಲ್ಲ. ಬೇರೆಡೆ ಬಡಿದರೆ ಕೈ ಜುಮ್ಮೆನ್ನುತ್ತದೆ. ಟ್ರೈಲರಿನಲ್ಲಿ ಕೊಂಡಿಯೇ ಕೈ. ರಸ್ತೆಯ ಅಡ್ಡ ನೂಕು ಬರುವುದು ಅಚ್ಚಿನಲ್ಲಿ. ಅಚ್ಚು ಆ ನಿರ್ದಿಷ್ಟ ಜಾಗದಲ್ಲಿದ್ದರೆ ಕೊಂಡಿಗೆ ಏಟಿಲ್ಲ. ಇಲ್ಲವಾದರೆ ಪ್ರತಿ ನೂಕೂ ಕೊಂಡಿಯ ಮೂಲಕ ಎಳೆಯುವ ವಾಹನದ ಹಿಂಭಾಗವನ್ನು ಅಲುಗಿಸುತ್ತದೆ. ಅದು ಅಲುಗಿದರೆ ಟ್ರೈಲರ್ ಮತ್ತೆ ಅಲುಗುತ್ತದೆ.

ಆ ಜಾಗ ಎಲ್ಲಿದೆ? ಕೊಂಡಿಯಿಂದ ಗುರುತ್ವ ಕೇಂದ್ರದ ದೂರವನ್ನು a ಎಂದೂ, ಭಾರದ ಹರಡಿಕೆಯನ್ನು ಹೇಳುವ ಭ್ರಮಣ ತ್ರಿಜ್ಯವನ್ನು k ಎಂದೂ ಕರೆದರೆ, ಗುರುತ್ವ ಕೇಂದ್ರಕ್ಕಿಂತ k²/a ದೂರ ಹಿಂದೆ. 3 ಮೀಟರ್ ಉದ್ದಕ್ಕೂ ಸಮನಾಗಿ ಹರಡಿದ ಭಾರಕ್ಕೆ k² = 3²/12 = 0.75. a 2.7 ಮೀಟರ್ ಆದರೆ ಉತ್ತರ ಸುಮಾರು 28 ಸೆಂಟಿಮೀಟರ್. ಅಂದರೆ ಗುರುತ್ವ ಕೇಂದ್ರ ಅಚ್ಚಿಗಿಂತ 28 ಸೆಂಟಿಮೀಟರ್ ಮುಂದಿರಬೇಕು. ಆಗ ಕೊಂಡಿಯ ಮೇಲೆ ಒಟ್ಟು ತೂಕದ ಶೇಕಡ 9ಕ್ಕಿಂತ ತುಸು ಹೆಚ್ಚು ಭಾರ ಬೀಳುತ್ತದೆ. ಅಮೆರಿಕದಲ್ಲಿ ಕಾರು ಎಳೆಯುವ ಟ್ರೈಲರುಗಳಿಗೆ ಕೊಂಡಿಯ ಭಾರ ಶೇಕಡ 10ರಿಂದ 15 ಇರಲಿ ಎಂಬ ರೂಢಿಯ ನಿಯಮವಿದೆ. ನಮ್ಮ ಸರಳ ಲೆಕ್ಕ ಅದರ ಹತ್ತಿರಕ್ಕೆ ಬಂದಿತು. ಇದೊಂದೇ ಪೂರ್ಣ ಕಾರಣವಲ್ಲ. ಆದರೂ ದಾರಿ ತೋರಿಸುತ್ತದೆ.

ಭಾರವಾದ ವಸ್ತುಗಳನ್ನು ಎರಡು ತುದಿಗಳಲ್ಲಿಟ್ಟು ನಡುವೆ ಖಾಲಿ ಬಿಟ್ಟರೆ k² ಇಮ್ಮಡಿಯಾಗಬಹುದು. ಆಗ 28ರ ಬದಲು 56 ಸೆಂಟಿಮೀಟರ್ ಬೇಕು. ಭಾರವಾದದ್ದು ಅಚ್ಚಿನ ಹತ್ತಿರ, ತಳದಲ್ಲಿ ಇರಲಿ ಎಂಬ ಸಲಹೆಯ ಹಿಂದಿನ ಕಾರಣ ಇದು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಭಾರದ ಹರಡಿಕೆ, ಕೊಂಡಿಯ ಭಾರ ಮತ್ತು ಅಚ್ಚಿನ ಸ್ಥಾನ ಇವೇ ಸ್ಥಿರತೆಯ ಮೇಲೆ ಗಣನೀಯ ಪ್ರಭಾವ ಬೀರುವುದು ಕಂಡುಬಂತು.

ಹೊರಳಾಟ ಶುರುವಾದರೆ ಚಾಲಕ ಮಾಡಬೇಕಾದದ್ದು ಒಂದೇ: ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರ ಹಿಡಿದು, ವೇಗ ತಾನೇ ತಗ್ಗಲು ಬಿಡುವುದು. ಗಾಬರಿಯಿಂದ ಸ್ಟೀರಿಂಗ್ ಎಳೆದಾಡಿದರೆ ಹೊರಳಾಟಕ್ಕೆ ಮತ್ತಷ್ಟು ಬಲ ಕೊಟ್ಟಂತೆ.

ತರಗತಿಯಲ್ಲಿ ಮಾಡಿ ನೋಡಿ

ಅಧ್ಯಾಪಕರು ಇದನ್ನು ಒಂದು ಮೀಟರ್ ಸ್ಕೇಲಿನಿಂದಲೇ ತೋರಿಸಬಹುದು. 80 ಸೆಂಟಿಮೀಟರ್ ಗುರುತಿನ ಕೆಳಗೆ ಒಂದು ಪೆನ್ಸಿಲ್ ಇಡಿ, ಅದು ಅಚ್ಚು. ಸೊನ್ನೆಯ ತುದಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಓದನ್ನು ಸೊನ್ನೆ ಮಾಡಿ. 500 ಗ್ರಾಮಿನ ಬಟ್ಟನ್ನು 60ರ ಗುರುತಿನಲ್ಲಿಟ್ಟರೆ ತಕ್ಕಡಿ 125 ಗ್ರಾಂ ತೋರಿಸಬೇಕು; 70ರಲ್ಲಿಟ್ಟರೆ ಅದರ ಅರ್ಧ. 90ಕ್ಕೆ ಸರಿಸಿದರೆ ತುದಿ ತಕ್ಕಡಿ ಬಿಟ್ಟು ಏಳುತ್ತದೆ. ವಿದ್ಯಾರ್ಥಿಗಳು ಮೊದಲು ಲೆಕ್ಕ ಹಾಕಿ ಹೇಳಲಿ, ಆಮೇಲೆ ಬಟ್ಟು ಇಡಲಿ.

ನಿಜವಾದ ಟ್ರೈಲರಿನ ಕೊಂಡಿಯ ಭಾರವನ್ನು ಅಳೆಯಲು, ಮನುಷ್ಯರು ನಿಂತು ತೂಕ ನೋಡುವ ತಕ್ಕಡಿಯೂ ಒಂದು ಗಟ್ಟಿ ಹಲಗೆಯೂ ಸಾಕು. ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ತಕ್ಕಡಿಯ ಮೇಲೆ ಇರಲಿ. ಇಟ್ಟಿಗೆಯ ಕಡೆಯಿಂದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ ಕೊಂಡಿಯನ್ನು ಕೂರಿಸಿ. ತಕ್ಕಡಿಯ ಓದನ್ನು ಮೂರರಿಂದ ಗುಣಿಸಿದರೆ ಕೊಂಡಿಯ ಭಾರ ಸಿಗುತ್ತದೆ. ಇದನ್ನು ಸಮನೆಲದಲ್ಲಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿರಿಯರೇ ಮಾಡಬೇಕು. ಎತ್ತಿದ ಟ್ರೈಲರಿನ ಕೆಳಗೆ ಯಾರೂ ಕೈ ಹಾಕಬಾರದು.

ಓದುಗರೇ, ನಿಮ್ಮ ಊರಿನಲ್ಲಿ ಎತ್ತಿನ ಬಂಡಿ ಕಟ್ಟಿ ಬಾಳಿದ ಹಿರಿಯರು ಇನ್ನೂ ಇದ್ದಾರು. ಭಾರ ತುಂಬಿದ ಬಂಡಿಯ ನೊಗವನ್ನು ಕೈಯಲ್ಲಿ ಎತ್ತಿದಾಗ ಎಷ್ಟಿದ್ದರೆ ಸರಿ ಎನ್ನುತ್ತಿದ್ದಿರಿ ಎಂದು ಅವರನ್ನು ಕೇಳಿ. ಅವರು ಕೈಯಿಂದ ತೋರಿಸುವುದನ್ನು ನಿಮ್ಮ ವಿದ್ಯಾರ್ಥಿಗಳು ಸೂತ್ರದಿಂದ ಬರೆಯಲಿ. ನಾಳೆ ಅವರಲ್ಲಿ ಕೆಲವರು ಟ್ರ್ಯಾಕ್ಟರ್ ಓಡಿಸುತ್ತಾರೆ, ಹಲವರು ಅದೇ ರಸ್ತೆಯಲ್ಲಿ ಅದರ ಹಿಂದೆ ಬರುತ್ತಾರೆ.